ಕೊನೆಯ ಬಾಗಿಲ ಚಿಲಕ

ಮೊನ್ನೆ ಮಗಳು ಅಡುಗೆಮನೆಯಲ್ಲಿ ಹಾಲಿಲ್ಲದ ಚಹಾಕ್ಕೆ ಪುದೀನ ಹಾಕಿ ಕುದಿಸುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ತಾತ ನೆನಪಾದರು. ಜೊತೆಗೆ ನನ್ನ ಹಳೆಯ ಹೊಟ್ಟೆಕಿಚ್ಚೂ ಎದ್ದು ಕೂತಿತು...

ಆಗ ನಾವು ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿದ್ದೆವು. ತಾತ ಸೌದಿಯಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿ ಬಂದವರು. ಅಲ್ಲಿಂದ ಪುದೀನ ಚಹಾದ ಚಟವನ್ನೂ ಅರಬರ ರಾಶಿ ಕಥೆಗಳನ್ನೂ ತಂದಿದ್ದರು. ಅವರ ಬಾಯಲ್ಲಿ ಅವೆಲ್ಲ ನಮ್ಮೂರ ಕಥೆಗಳೇ ಆಗಿಬಿಡುತ್ತಿದ್ದವು. ಆನೆಯನ್ನೇ ಎತ್ತಿಕೊಂಡು ಹಾರುವ ಹಕ್ಕಿ ರಾಗಿಗುಡ್ಡದ ಮೇಲೆ ಬಂದು ಕೂರುತ್ತಿತ್ತು. ರೆಕ್ಕೆ ಬಿಚ್ಚಿದರೆ ಭದ್ರಾವತಿಯವರೆಗೂ ನೆರಳು. ಅಲ್ಲಿನ ಕಾರ್ಖಾನೆಯ ಚಿಮಣಿಯಿಂದ ಜಿನ್ನಿ ಭೂತ ಹೊಗೆಯಾಗಿ ಇಳಿಯುತ್ತಿತ್ತು.

ಮಗಳು ಸ್ಕೂಲಿನಿಂದ ಬಂದವಳೇ ಬ್ಯಾಗು ಎಸೆದು ಅಲ್ಲಿಗೆ ಓಡುತ್ತಿದ್ದಳು. ನಾನು ಆಫೀಸು ಮುಗಿಸಿ ಬಸ್ಸಿನಲ್ಲಿ ಜೋತಾಡಿಕೊಂಡು ಬಂದರೆ ಮನೆ ಖಾಲಿ. ಮಲಗುವಾಗ ನಾನೂ ಕಥೆ ಹೇಳಲು ಹೋದರೆ, "ತಾತ ಆದ್ರೆ ಜಿನ್ನಿಗೆ ಬೇರೆ ದನಿ ಮಾಡ್ತಾರೆ" ಎಂದು ಮಗ್ಗುಲು ಬದಲಿಸುತ್ತಿದ್ದಳು. ಅವರಿಗೆ ಮಾತುಮಾತಿಗೂ ಸಿಗುವ "ಆಮೇಲೆ?" ನನಗೆ ಒಂದು ದಿನವೂ ಸಿಗಲಿಲ್ಲ. ಹೆತ್ತವಳು ನಾನು! ಮೈಯೆಲ್ಲ ಉರಿಯುತ್ತಿತ್ತು.

ಉರಿದರೇನು, ಕಿವಿ ಸುಮ್ಮನಿರಬೇಕಲ್ಲ. ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಕಾಂಪೌಂಡಿನ ಗೋಡೆ ಬಳಿ ನಿಂತು ಕದ್ದು ಕೇಳುತ್ತಿದ್ದೆ. ಒಂದು ಸಂಜೆ, ಕಥೆಯ ಹಮಾಲ ಆ ಹಕ್ಕಿಯ ಕಾಲಿಗೆ ತನ್ನನ್ನು ಕಟ್ಟಿಕೊಂಡು ಹಾರಿ ಮರಳುಗಾಡಿನ ಅರಮನೆಗೆ ಬಂದಿಳಿದಿದ್ದ. ಅಲ್ಲಿ ಯಾವ ಬಾಗಿಲನ್ನು ಬೇಕಾದರೂ ತೆರೆಯಬಹುದು, ಕೊನೆಯದೊಂದನ್ನು ಮಾತ್ರ ಮುಟ್ಟಬಾರದು. ಅವನು ಅದರ ಚಿಲಕಕ್ಕೇ ಕೈ ಹಾಕಿದ... ತಾತ ಅಲ್ಲಿಗೆ ನಿಲ್ಲಿಸಿ ಗೋಡೆಯತ್ತ ಕೂಗಿದರು. "ಒಳಗೆ ಬಾ ಮಾರಾಯ್ತಿ, ಚಹಾ ಇದೆ. ಅಲ್ಲೇ ನಿಂತು ಯಾಕೆ ಕಾಲು ನೋಯಿಸ್ಕೋತೀಯ?"

"ಬಟ್ಟೆ ತಗೊಳ್ಳೋಕೆ ಬಂದಿದ್ದು ಮಾವ, ಕಥೆ ಕೇಳೋಕಲ್ಲ!" ಎಂದು ಬಿರುಸಾಗಿ ಹೇಳಿ ಬಂದುಬಿಟ್ಟೆ. ಆಮೇಲೂ ಮಗಳು ಎಷ್ಟೋ ಸಲ ಕೈ ಹಿಡಿದು ಎಳೆದಳು. ನಾನು ಜಪ್ಪಯ್ಯ ಅನ್ನಲಿಲ್ಲ.

ಕೆಲವು ತಿಂಗಳ ನಂತರ ತಾತ ಭದ್ರಾವತಿಗೆ, ಮಗನ ಮನೆಗೆ ಹೋದರು. ಅಲ್ಲೇ ತೀರಿಕೊಂಡರು. ಆ ಬಾಗಿಲ ಹಿಂದೆ ಏನಿತ್ತೆಂದು ಮಗಳಿಗಾದರೂ ಗೊತ್ತಲ್ಲ ಎಂದು ಇಷ್ಟು ವರ್ಷ ಅವಳ ಮೇಲೂ ಕರುಬಿದೆ. ಬಾಯಿಬಿಟ್ಟು ಕೇಳಲು ಮಾತ್ರ ಬಿಗುಮಾನ.

ಮೊನ್ನೆ ಚಹಾ ಲೋಟ ಹಿಡಿದು ಬಂದವಳು ತನ್ನ ಮಗಳಿಗೆ ಅದೇ ಕಥೆ ಶುರು ಮಾಡಿದಳು. ಈ ಸಲ ನಾನು ಹೋಗಿ ಪಕ್ಕದಲ್ಲೇ ಕೂತೆ. ಹಮಾಲ ಚಿಲಕಕ್ಕೆ ಕೈ ಹಾಕಿದ. ಮಗಳು ನಿಲ್ಲಿಸಿಬಿಟ್ಟಳು.

"ಮುಂದೆ ಹೇಳೇ," ಎಂದೆ.

"ನಂಗೆಲ್ಲಿ ಗೊತ್ತಮ್ಮ? 'ನಿಮ್ಮಮ್ಮ ಒಳಗೆ ಬಂದು ಕೂತ ದಿನ ಹೇಳ್ತೀನಿ' ಅಂದಿದ್ರು ತಾತ. ನೀನು ಬರ್ಲೇ ಇಲ್ಲ."

ಮೊಮ್ಮಗಳು ನನ್ನ ಸೆರಗು ಜಗ್ಗಿದಳು. "ಆಮೇಲೆ, ಅಜ್ಜಿ?"

ಅಷ್ಟು ವರ್ಷ ಆಸೆಪಟ್ಟ ಮಾತು ಕೊನೆಗೂ ನನಗೆ ಸಿಕ್ಕಿತ್ತು. ಹೇಳಲು ನನ್ನ ಬಳಿ ಏನೂ ಇರಲಿಲ್ಲ...