ಹೆಬ್ಬೆರಳಿಗೆ ಎಟುಕುವ ಹಿಡಿ

ನಾನು ಪುಕ್ಕಲು ಹೆಂಗಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಗ್ಗ ಹಿಡಿದು ಪಾಳುಬಾವಿಗೆ ಇಳಿಯುತ್ತೇನೆ ಎಂದು ತಿಳಿದವರೆಲ್ಲ "ಅಬ್ಬಾ, ಗಟ್ಟಿಗಿತ್ತಿ ಬಿಡು" ಎನ್ನುತ್ತಾರೆ. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಬಾವಿಯ ಕಟ್ಟೆಯ ಮೇಲೆ ನಿಂತರೆ ಸಾಕು, ಪಕ್ಕದಲ್ಲಿ ಯಾರಿದ್ದರೂ ಅವರ ತೋಳು ಹಿಡಿದುಕೊಳ್ಳುತ್ತೇನೆ.

ಕ್ಯಾಸಂಬಳ್ಳಿ ಕಡೆಯ ಹಳ್ಳಿಗಳಲ್ಲಿ ದನಕರುಗಳಿಗೆ ಸೂಜಿ ಹಾಕುವುದು, ಕರು ಹಾಕಿಸುವುದು ನನ್ನ ಕೆಲಸ. ಡಾಕ್ಟರ್ ಓದಿಲ್ಲದಿದ್ದರೂ ಎಲ್ಲರೂ ಡಾಕ್ಟ್ರಮ್ಮ ಎಂದೇ ಕರೆಯುತ್ತಾರೆ. ನನ್ನ ಕೈ ತೀರಾ ಚಿಕ್ಕದು. ಬಳೆ ಅಂಗಡಿಯವನು ಮಕ್ಕಳ ಅಳತೆಯ ಡಬ್ಬಿಯನ್ನೇ ಮುಂದೆ ಇಡುತ್ತಾನೆ. ಕರು ಅಡ್ಡಲಾಗಿ ಸಿಕ್ಕಿಕೊಂಡಾಗ ಮಾತ್ರ ಈ ಚಿಕ್ಕ ಕೈಗೆ ಎಲ್ಲಿಲ್ಲದ ಬೆಲೆ. ಹಸು ಬಾವಿಗೆ ಬಿದ್ದರೂ ನನ್ನನ್ನೇ ಕೂಗುತ್ತಾರೆ, ಗಾಬರಿಬಿದ್ದ ಹಸುವಿಗೆ ಮತ್ತಿನ ಸೂಜಿ ಹಾಕಿ ಹೊಟ್ಟೆಗೆ ಪಟ್ಟಿ ಬಿಗಿಯಲು ಯಾರಾದರೂ ಕೆಳಗೆ ಹೋಗಲೇಬೇಕು. ನಮ್ಮ ಕಡೆ ಬೋರ್‌ವೆಲ್ ಬಂದ ಮೇಲೆ ತೆರೆದ ಬಾವಿಗಳೆಲ್ಲ ಒಣಗಿ ಬಾಯಿ ಬಿಟ್ಟುಕೊಂಡು ಬಿದ್ದಿವೆ, ಸುತ್ತ ಬೇಲಿಯೂ ಇಲ್ಲ.

ಮೊದಲ ಸಲ ಇಳಿದಾಗ ನನ್ನನ್ನು ಮೇಲಕ್ಕೆ ಎಳೆದದ್ದು ಊರಿನ ಹತ್ತು ಜನ. ಸೊಂಟಕ್ಕೆ ಹಗ್ಗ, ಮೇಲೆ ಹತ್ತು ಬಾಯಿ. ಒಬ್ಬ "ಎಳೀರ್ಲಾ" ಅಂದರೆ ಇನ್ನೊಬ್ಬ "ಬಿಡ್ರಲಾ, ಕಲ್ಲಿಗೆ ಉಜ್ತಾ ಐತೆ" ಅಂದ. ಅರ್ಧ ಜನ ಎಳೆದರು, ಅರ್ಧ ಜನ ಬಿಟ್ಟರು. ನಾನು ಎರಡಡಿ ಕೆಳಗೆ ಬಿದ್ದು ತಲೆಯನ್ನು ಕಲ್ಲಿಗೆ ಚಚ್ಚಿಕೊಂಡೆ. ಮೇಲೆ ಬಂದ ಮೇಲೆ ಯಾರನ್ನು ಬಯ್ಯಬೇಕೆಂದು ಗೊತ್ತಾಗದೆ ಎಲ್ಲರನ್ನೂ ಬಯ್ದೆ. ಇನ್ನು ಮೇಲೆ ನನ್ನ ಪ್ರಾಣ ಇಪ್ಪತ್ತು ಕೈಯಲ್ಲಿ ಇರುವುದು ಬೇಡ, ನನ್ನೆರಡೇ ಕೈಯಲ್ಲಿ ಇರಲಿ ಎಂದು ಅವತ್ತೇ ತೀರ್ಮಾನ ಮಾಡಿದೆ.

ಆಗ ಸಿಕ್ಕವರು ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸಿನ ಒಬ್ಬರು, ನಾನು ಅಣ್ಣ ಎನ್ನುತ್ತೇನೆ. ಅವರ ತಂದೆ ಗಣಿಯಲ್ಲಿದ್ದವರು. ಅಣ್ಣ ಹರೆಯದಲ್ಲಿ ಬಂಡೆ ಹತ್ತುವ ಹುಚ್ಚು ಹಿಡಿಸಿಕೊಂಡು, ಈಗ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಬಾವಿಗೆ ಬಿದ್ದ ನಾಯಿ, ಮೇಕೆ, ಹಸು ಎತ್ತುತ್ತಾರೆ. ಅವರ ಮನೆಯ ಜಗಲಿಯ ಮೇಲೆ ಒಂದು ಗೋಣಿಚೀಲ ಕೊಡವಿದರು. ಮೂರು ಜುಮಾರ್ ಬಿದ್ದವು.

ಜುಮಾರ್ ಎಂದರೆ ಹಗ್ಗಕ್ಕೆ ಸಿಕ್ಕಿಸುವ ಹಿಡಿ. ಮೇಲಕ್ಕೆ ತಳ್ಳಿದರೆ ಸರಾಗವಾಗಿ ಜಾರುತ್ತದೆ. ಕೆಳಕ್ಕೆ ಎಳೆದರೆ ಒಳಗಿನ ಹಲ್ಲಿನ ತುಂಡು ಹಗ್ಗವನ್ನು ಕಚ್ಚಿ ನಿಲ್ಲುತ್ತದೆ. ಒಂದು ಕೈಯಲ್ಲಿ, ಅದರಿಂದ ಇಳಿಬಿಟ್ಟ ಕುಣಿಕೆಯಲ್ಲಿ ಕಾಲು. ಹಿಡಿಯಿಲ್ಲದ ಇನ್ನೊಂದು ಚಿಕ್ಕದು ಎದೆಯ ಪಟ್ಟಿಗೆ. ಕೈಯದನ್ನು ತಳ್ಳು, ಕುಣಿಕೆಯ ಮೇಲೆ ಎದ್ದು ನಿಲ್ಲು, ಎದೆಯದು ತಾನಾಗಿ ಮೇಲೇರುತ್ತದೆ, ಕೂತುಕೋ. ಮತ್ತೆ ತಳ್ಳು. ಅಷ್ಟೇ ವಿದ್ಯೆ.

ಮೊದಲನೆಯದು ಹೊಳೆಯುವ ಕೆಂಪು ಬಣ್ಣದ್ದು, ನೋಡಿದ ಕೂಡಲೇ ಆಸೆಯಾಯಿತು. ಕೈಗವಸು ಹಾಕಿ ಹಿಡಿದರೆ ಬೆರಳುಗಳು ಒಳಗೆ ಓಡಾಡುತ್ತಿದ್ದವು. ಹಲ್ಲಿನ ತುಂಡಿನ ಬೆನ್ನಿಗೆ ಹೆಬ್ಬೆರಳು ಎಟುಕಬೇಕೆಂದರೆ ಹಿಡಿತವನ್ನೇ ಬಿಡಬೇಕು. ಎರಡನೆಯದು ಎಟುಕಿತು, ಆದರೆ ಎಡಗೈಯವರದು. ಮೂರನೆಯದು ಹಳೆಯದು, ಬಣ್ಣ ಸವೆದಿತ್ತು, ಹಿಡಿ ಕಿರಿದು, ರಬ್ಬರ್ ಹೊದಿಕೆ. ಅದನ್ನು ಹಿಡಿದಾಗ ನಾಲ್ಕು ಬೆರಳೂ ಬಿಗಿಯಾಗಿ ಕೂತವು, ಹೆಬ್ಬೆರಳು ಹಲ್ಲಿನ ಬೆನ್ನಿನ ಮೇಲೇ ಬಂದು ನಿಂತಿತು.

"ಕೆಂಪುದು ಚೆನ್ನಾಗೈತೆ ಅಣ್ಣಾ" ಅಂದೆ, ನಾಚಿಕೆಯಿಲ್ಲದೆ.

"ಎನ್ನಮ್ಮಾ, ಮದುವೆಗೆ ಹೋಗ್ತೀಯಾ?" ಅಂದರು, ತಮಿಳು ಬೆರೆಸಿ. "ಹೆಬ್ಬೆರಳು ಎಟುಕ್ಬೇಕು. ಒಂದಿನ ಬೇಕಾಗ್ತದೆ. ಹಲ್ಲು ಕಚ್ಚದೇ ಹೋದ್ರೆ ಬೆರಳಿಂದ ಒತ್ತಿ ಕಚ್ಚಿಸ್ಬೇಕು. ಅದಕ್ಕೆ ಇದನ್ನೇ ತಗೋ." ಹಾಗೆಯೇ ಎರಡು ಕಟ್ಟಳೆ ಹೇಳಿದರು. ಇಳಿಯುವ ಮೊದಲು ಹಗ್ಗವನ್ನು ಪೂರ್ತಿ ಬರಿಗೈಯಲ್ಲಿ ಸವರಿ ನೋಡಬೇಕು. ಹತ್ತುವಾಗ ಆಳೆತ್ತರಕ್ಕೊಂದು ಸಲ ನಿಂತು ಕೆಳಗಿನ ಹಗ್ಗದಲ್ಲಿ ಗಂಟು ಹಾಕಬೇಕು. ಹಲ್ಲು ಜಾರಿದರೂ ಗಂಟು ತಡೆಯುತ್ತದೆ.

ಮನೆಯ ಹಿಂದಿನ ಹುಣಸೆಮರಕ್ಕೆ ಹಗ್ಗ ಕಟ್ಟಿ ಅಭ್ಯಾಸ ಶುರುಮಾಡಿದೆ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅಪ್ಪ, ನಾನು ಇಬ್ಬರೇ. ಅಪ್ಪ ಪ್ರಾಯದಲ್ಲಿ ಕಪಿಲೆ ಹೊಡೆದವನು. ಎತ್ತು ಕಟ್ಟಿ ತೊಗಲಿನ ಚೀಲದಲ್ಲಿ ಬಾವಿಯಿಂದ ನೀರೆಳೆಯುವ ಕೆಲಸ ಅದು. ಹಗ್ಗದ ವಿಷಯ ಬಂದರೆ ಅವನ ಮುಂದೆ ಯಾರೂ ಬಾಯಿ ತೆರೆಯುವ ಹಾಗಿಲ್ಲ. ನಾನು ಹತ್ತುವಷ್ಟು ಹೊತ್ತೂ ಬೀಡಿ ಹಚ್ಚದೆ ಕೆಳಗೇ ನಿಂತಿರುತ್ತಿದ್ದ. ಒಂದು ದಿನ ಜುಮಾರನ್ನು ತೆಗೆದುಕೊಂಡು ಹಲ್ಲುಗಳ ಮೇಲೆ ಬೆರಳಾಡಿಸಿದ.

"ಇದು ಹಗ್ಗಾನ ಕಚ್ತದೆ ಕಣಮ್ಮಾ."

"ಕಚ್ಚಲಿ ಅಂತಲೇ ಇರೋದು ಅಪ್ಪಾ."

"ಕಚ್ಚಿಸ್ಕೊಂಡ ಹಗ್ಗ ಎಷ್ಟು ದಿನ ಬಾಳ್ತದೆ?" ಅಂದು ಹಿಂದಕ್ಕೆ ಕೊಟ್ಟು ಎದ್ದು ಹೋದ. ಮುದುಕನ ಗೊಣಗಾಟ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅದಾಗಿ ವಾರಕ್ಕೆ ಬೇತಮಂಗಲದ ದಾರಿಯ ಒಂದು ಹಳ್ಳಿಯಿಂದ ಬೆಳಿಗ್ಗೆಯೇ ಫೋನ್ ಬಂತು. ಇನ್ನೂ ಕರು ಹಾಕದ ಕಡಸು ಬಾವಿಗೆ ಬಿದ್ದಿದೆ. ನಾನು ಹಗ್ಗದ ಚೀಲ ಗಾಡಿಗೆ ಹಾಕಿಕೊಂಡು ಹೋಗುವಷ್ಟರಲ್ಲಿ ಅಣ್ಣನೂ ಗೆಳೆಯರೂ ಬಂದಿದ್ದರು. ಐವತ್ತಡಿಗೆ ಕಡಿಮೆಯಿಲ್ಲದ ಬಾವಿ, ತಳದಲ್ಲಿ ಕೆಸರು. ಕಡಸಿನ ಒಡತಿ ಕಟ್ಟೆಯ ಮೇಲೆ ಕೂತು "ನನ್ ಮಗೂನ ತೆಗ್ದುಕೊಡು ತಾಯಿ" ಎಂದು ನನ್ನ ಕಾಲನ್ನೇ ಹಿಡಿದುಕೊಂಡಳು. ಕೆಳಗಿನಿಂದ ಅದರ ಕೂಗು, ಮೇಲೆ ಇವಳ ಕೂಗು. ಹಗ್ಗ ಸವರಿ ನೋಡುವ ಕಟ್ಟಳೆಯನ್ನು ನಾನು ಅವತ್ತು ಪಾಲಿಸಲಿಲ್ಲ. ಅಣ್ಣ "ನೋಡಿದ್ಯಾ?" ಎಂದು ಕೇಳಿದರು. "ನೋಡ್ದೆ" ಎಂದು ಸುಳ್ಳು ಹೇಳಿದೆ.

ಸೊಂಟದ ಕೊಂಡಿಯಲ್ಲಿ ಹಗ್ಗ ಸುತ್ತಿ ಮೆಲ್ಲಗೆ ಬಿಟ್ಟುಕೊಂಡು ಇಳಿಯುವಾಗ ನಡುವೆ ಒಂದೆಡೆ ಹಗ್ಗ ಸರ್ರನೆ ಓಡಿದ ಹಾಗಾಯಿತು. ನನ್ನ ಹೆದರಿಕೆಗೆ ಹಾಗನಿಸಿತು ಎಂದುಕೊಂಡೆ. ಹೆದರುವವರಿಗೆ ಇರುವ ತೊಂದರೆಯೇ ಇದು, ನಿಜವಾಗಿ ಹೆದರಬೇಕಾದ್ದು ಬಂದಾಗಲೂ ತಮ್ಮದೇ ತಪ್ಪು ಅನಿಸುತ್ತದೆ.

ಕಡಸಿಗೆ ಸೂಜಿ ಹಾಕಿ, ಮೈ ಸವರಿ ಸಮಾಧಾನ ಮಾಡಿ, ಹೊಟ್ಟೆಯಡಿ ಪಟ್ಟಿ ತೂರಿಸಿದೆ. ಟ್ರ್ಯಾಕ್ಟರ್ ಎಳೆಯಿತು. ಕಡಸು ತೇಲಿಕೊಂಡು ಮೇಲೆ ಹೋಯಿತು, ನನ್ನ ತಲೆಯ ಮೇಲೆಲ್ಲ ಕೆಸರು ಸುರಿಸಿತು. ಆಮೇಲೆ ನಾನು ಹತ್ತತೊಡಗಿದೆ. ತಳ್ಳು, ನಿಲ್ಲು, ಕೂತುಕೋ. ಗಂಟು. ತಳ್ಳು, ನಿಲ್ಲು, ಕೂತುಕೋ. ಅರ್ಧ ದಾರಿ ಸಾಗಿತ್ತು. ಗಂಟು ಹಾಕಿ ನಾಲ್ಕು ಹೆಜ್ಜೆ ಏರಿದ್ದೆನೋ ಏನೋ, ಕುಣಿಕೆಯ ಮೇಲೆ ನಿಂತ ಕಾಲು ತಟ್ಟನೆ ಕೆಳಗೆ ಹೋಯಿತು. ಕೈಯ ಜುಮಾರ್ ಜಾರಿತು. ಎದೆಯದೂ ಜಾರಿತು. ಕಲ್ಲುಗಳೆಲ್ಲ ಮುಖದ ಮುಂದೆ ಮೇಲಕ್ಕೆ ಓಡಿದವು. ಧಡ್ಡೆಂದು ಗಂಟಿಗೆ ಬಡಿದು ನಿಂತೆ.

ಬೆಚ್ಚಗೆ ಏನೋ ತೊಡೆಯಲ್ಲಿ ಇಳಿಯಿತು. ಉಚ್ಚೆ ಹೊಯ್ದುಕೊಂಡಿದ್ದೆ, ನಲವತ್ತೊಂದು ವರ್ಷದವಳು. ಕೊನೆಗೆ ಹೇಗೋ "ಅಣ್ಣಾ!" ಅಂದೆ. ಮೇಲೆ ಯಾರ ತಲೆಯೂ ಕಾಣಿಸಲಿಲ್ಲ. ಆಮೇಲೆ ತಿಳಿದದ್ದು, ಸೂಜಿಯ ಅಮಲು ಇಳಿದ ಕಡಸು ಎದ್ದು ಪಟ್ಟಿ, ದಪ್ಪ ಹಗ್ಗ ಎಲ್ಲವನ್ನೂ ಎಳೆದುಕೊಂಡು ರಾಗಿ ಹೊಲಕ್ಕೆ ಓಡಿತ್ತಂತೆ, ಊರಿಗೆ ಊರೇ ಅದರ ಹಿಂದೆ. ನನ್ನನ್ನು ಎಳೆಯಲು ಇನ್ನೊಂದು ಹಗ್ಗ ಅಂತ ಇದ್ದದ್ದೇ ಅದು. ಎರಡನೆಯ ಸಲ ಕೂಗಿದಾಗ ಅಣ್ಣನ ಮುಖ ಕಂಡಿತು.

"ಜಾರ್ತಾ ಐತೆ ಅಣ್ಣಾ, ಎರಡೂ ಜಾರ್ತಾ ಐತೆ!"

"ಅಲ್ಲಾಡ್ಬೇಡ. ಗಂಟು ಹಿಡಿದೈತಲ್ಲ? ಒರೆಸು. ಹಗ್ಗ ಒರೆಸು, ಹಲ್ಲು ಒರೆಸು. ಆಮೇಲೆ ಹೆಬ್ಬೆರಳಿಂದ ಹಲ್ಲನ್ನ ಒತ್ತು. ಒತ್ತಿ ನಿಲ್ಲು!"

ಸೊಂಟದಲ್ಲಿದ್ದ ಟವೆಲಿನಿಂದ ಒರೆಸಿದೆ. ಕಲ್ಲಿನ ಸಂದಿಯ ಒಣಮಣ್ಣು ಕೆರೆದು ಹಗ್ಗಕ್ಕೆ ಉಜ್ಜಿದೆ, ಮತ್ತೆ ಒರೆಸಿದೆ. ಕೈಗವಸು ಕಿತ್ತೆಸೆದು ಹೆಬ್ಬೆರಳನ್ನು ಹಲ್ಲಿನ ಬೆನ್ನಿಗೆ ಇಟ್ಟು ಒತ್ತಿದೆ. ನಿಂತೆ. ಕಚ್ಚಿತು. ಎದೆಯದನ್ನೂ ಇನ್ನೊಂದು ಕೈಯ ಹೆಬ್ಬೆರಳಿನಿಂದ ಒತ್ತಿ ಕೂತೆ. ಅದೂ ಕಚ್ಚಿತು. ಗೇಣು ಗೇಣಾಗಿ ಹತ್ತಿದೆ. ಪ್ರತಿ ಗೇಣಿಗೂ ಈಗ ಬಿದ್ದೆ, ಈಗ ಬಿದ್ದೆ ಅನಿಸುತ್ತಿತ್ತು. ಎರಡು ಆಳಿನಷ್ಟು ದಾಟಿದ ಮೇಲೆ ಹಗ್ಗ ಮತ್ತೆ ಒರಟಾಗಿ ಸಿಕ್ಕಿತು. ಆ ಒರಟುತನಕ್ಕೆ ಮುತ್ತು ಕೊಡಬೇಕು ಅನಿಸಿತು. ಕೆಂಪು ಜುಮಾರ್ ಆಗಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ಮೇಲೆ ಬಂದು ಬಿದ್ದುಕೊಂಡಾಗ ಮುಖ ಒರೆಸಲು ಟವೆಲ್ ಎತ್ತಿದೆ. ಹರಳೆಣ್ಣೆಯ ವಾಸನೆ. ಅಣ್ಣ ಹಗ್ಗವನ್ನು ಮೂಗಿಗೆ ಹಿಡಿದು ನನ್ನ ಮುಖ ನೋಡಿದರು. ನನಗೆ ಯಾರೆಂದು ಕೂಡಲೇ ಗೊತ್ತಾಯಿತು. ಕಪಿಲೆಯ ಹಗ್ಗ ಮೆತ್ತಗಿರಲಿ, ಸವೆಯದಿರಲಿ ಎಂದು ಹರಳೆಣ್ಣೆ ತಿಕ್ಕುತ್ತಿದ್ದರು ಎಂಬುದು ಅಪ್ಪನ ಬಾಯಲ್ಲಿ ನಾನೇ ಬೇಕಾದಷ್ಟು ಸಲ ಕೇಳಿದ ಮಾತು.

ದಾರಿಯುದ್ದಕ್ಕೂ ಬಯ್ಗುಳ ಜೋಡಿಸಿಕೊಂಡು ಬಂದೆ. ಅಪ್ಪ ಜಗಲಿಯಲ್ಲಿ ಕೂತಿದ್ದ. ನನ್ನ ಕೆಸರು ಮೈ ನೋಡಿ ಮುಖ ಅರಳಿಸಿದ.

"ಬಂದ್ಯಾ? ಹಗ್ಗ ಎಂಗಿತ್ತಮ್ಮಾ? ಮೆತ್ತಗಿತ್ತಾ?"

ಒಂದು ಗಳಿಗೆ ಸುಮ್ಮನಿದ್ದುಬಿಡೋಣ ಅನಿಸಿತು. ಸುಮ್ಮನಿದ್ದರೆ ನಾಳೆ ಮತ್ತೆ ತಿಕ್ಕುತ್ತಾನೆ. ಹೇಳಿದೆ. ಬಯ್ಯಲಿಲ್ಲ, ನಡೆದದ್ದಷ್ಟನ್ನೂ ಹೇಳಿದೆ, ಹಗ್ಗ ಸವರದೆ ಇಳಿದ ನನ್ನ ತಪ್ಪನ್ನೂ ಸೇರಿಸಿ. ಅಪ್ಪ ತನ್ನ ಎರಡು ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

"ಒಣಗಿದ ಹಗ್ಗ ಪಟ್ ಅಂತ ಕಿತ್ತೋಗ್ತದೆ. ಕಣ್ಣಾರೆ ಕಂಡಿವ್ನಿ" ಅಂದ. "ನೀನು ಓದಾಗಿಂದ ಬರೋಗಂಟ ನಂಗೆ ಮುದ್ದೆ ಗಂಟ್ಲಲ್ಲಿ ಇಳಿಯಾಕಿಲ್ಲ. ನನ್ ಕೈಲಿ ಆಗೋದು ಇದೊಂದೇಯ ಅಂತ ತಿಕ್ದೆ. ಸೀಸೇಲಿ ಇದ್ದಿದ್ದೇ ಅಷ್ಟು, ನಡೂಮಧ್ಯಕ್ಕೆ ಮಾತ್ರ ಆಯ್ತು." ಆಮೇಲೆ ಗೋಡೆಗೆ ಮುಖ ಮಾಡಿ ಮಲಗಿದ. ಅವತ್ತು ಇಡೀ ದಿನ ಊಟ ಮಾಡಲಿಲ್ಲ. ನಾನು ತಟ್ಟೆ ತಂದಿಟ್ಟೆ, ಕರೆದೆ, ರೇಗಿದೆ, ಏಳಲಿಲ್ಲ.

ಎಣ್ಣೆ ಕುಡಿದ ಹಗ್ಗವನ್ನು ಅಣ್ಣ ತುಂಡು ಮಾಡಿ ಎಸೆದರು. ಹೊಸದು ಬಂತು. ತಿಂಗಳಾದ ಮೇಲೆ ಪಕ್ಕದ ಹಳ್ಳಿಯಲ್ಲಿ ಮೇಕೆಯೊಂದು ಬಾವಿಗೆ ಬಿತ್ತೆಂದು ಕರೆ ಬಂತು. ನಾನು ಹಿತ್ತಲಿಗೆ ಹೋದರೆ ಅಪ್ಪ ಆಗಲೇ ಹುಣಸೆಮರದಡಿ ಕೂತಿದ್ದ, ಕೈಯನ್ನು ಸೀಗೆಪುಡಿ ಹಾಕಿ ಉಜ್ಜಿ ತೊಳೆದುಕೊಂಡಿದ್ದ. ಬರಿಗೈಯಲ್ಲಿ ಹಗ್ಗವನ್ನು ಮಾರುಮಾರಾಗಿ ಸವರುತ್ತ ಬಂದ, ತುದಿಯಿಂದ ತುದಿಗೆ. ಆಮೇಲೆ ಅದನ್ನು ಕೊಂಬೆಗೆ ಬಿಗಿದು "ಅದನ್ನ ಕೊಡಮ್ಮಾ" ಅಂದ.

ಜುಮಾರ್ ಕೊಟ್ಟೆ. ಹಗ್ಗಕ್ಕೆ ಸಿಕ್ಕಿಸಿದ, ನಾನು ಸಿಕ್ಕಿಸುವುದನ್ನು ಅಷ್ಟು ದಿನ ನೋಡಿದ್ದನಲ್ಲ. ಅವನ ದಪ್ಪ ಕೈಗೆ ನನ್ನ ಹಿಡಿಯಲ್ಲಿ ಎರಡೇ ಬೆರಳು ತೂರಿದವು. ಆ ಎರಡು ಬೆರಳಿಗೆ ಇನ್ನೊಂದು ಕೈ ಕಟ್ಟಿಕೊಂಡು, ನಾನು "ಅಪ್ಪಾ, ಬೇಡ" ಎನ್ನುವಷ್ಟರಲ್ಲಿ ಎರಡೂ ಕಾಲು ಮಡಚಿದ. ಎಪ್ಪತ್ತು ದಾಟಿದ ಮುದುಕ ಕಣ್ಣು ಮುಚ್ಚಿ ಕೊಂಬೆಯಿಂದ ನೇತಾಡಿದ. ಕೆಳಗೆ ಬರೀ ಮೊಳದಷ್ಟು ಎತ್ತರ. ಆದರೂ ನನಗಾದ ಹೆದರಿಕೆ ಆ ಬಾವಿಯಲ್ಲೂ ಆಗಿರಲಿಲ್ಲ. ಓಡಿಹೋಗಿ ಅವನ ಸೊಂಟವನ್ನು ಎರಡೂ ಕೈಯಿಂದ ತಬ್ಬಿ ಹಿಡಿದುಕೊಂಡೆ.

"ಬಿಡಮ್ಮಾ" ಅಂದ ಅಪ್ಪ, ಕಣ್ಣು ತೆರೆಯದೆ. "ಹಿಡೀತದಾ ಇಲ್ವಾ ನೋಡ್ಬೇಕು. ಬಿಡು."

ಬಿಟ್ಟೆ. ಹಲ್ಲು ಹಗ್ಗವನ್ನು ಕಚ್ಚಿಕೊಂಡೇ ಇತ್ತು.