ಸೈಕಲ್ಲಿನಲ್ಲಿ ಮಧ್ಯಾಹ್ನ ಸಾಗಿಸುವ ರೊಹ್ಮಾದಿ ಅಜ್ಜ

ಬೆಳಗಿನ ನಮಾಜು ಮುಗಿಸಿದ ಜನ ಚಪ್ಪಲಿ ಹುಡುಕುತ್ತಿದ್ದಾರೆ. ಜಾವಾ ದ್ವೀಪದ ಕೆಡುಂಗ್ಸರಿಯ ಹಳೆ ಮಸೀದಿಯ ಅಂಗಳದಲ್ಲಿ ಇನ್ನೂ ಅರೆಬೆಳಕು. ರೊಹ್ಮಾದಿ ಅಜ್ಜ ಮಾತ್ರ ಮನೆ ಕಡೆ ಮುಖ ಮಾಡದೆ, ಎದೆಯೆತ್ತರದ ಕಂಬವೊಂದರ ಮುಂದೆ ನಿಂತು, ಹುಣಸೆಹುಳಿ ಸವರಿದ ತೆಂಗಿನ ನಾರಿನಿಂದ ಅದರ ತಲೆಯ ಮೇಲಿನ ತಾಮ್ರದ ತಗಡನ್ನು ಉಜ್ಜುತ್ತಿದ್ದಾರೆ. ತಗಡು ಉದ್ದಕ್ಕೆ ಸೀಳಿದ ಬಿದಿರಿನ ಹಾಗೆ ಬಾಗಿದೆ. ಒಳಮೈ ತುಂಬ ಸಣ್ಣ ಗೀಟುಗಳು, ಮೇಲೊಂದು ಮೊಳೆ. ಬಿಸಿಲೇರಿದಂತೆ ಮೊಳೆಯ ನೆರಳು ಗೀಟಿನಿಂದ ಗೀಟಿಗೆ ಸರಿಯುತ್ತದೆ, ನಡುಗೀಟು ಮುಟ್ಟಿದ ಗಳಿಗೆ ಊರಿಗೆ ಹನ್ನೆರಡು ಗಂಟೆ. ಬೆಂಚೆಟ್ ಎಂದು ಜಾವಾದ ಜನ ಕರೆಯುವ ನೆರಳು ಗಡಿಯಾರ ಇಷ್ಟೇ. ಮುಳ್ಳಿಲ್ಲ, ಕೀಲಿಯಿಲ್ಲ, ಬ್ಯಾಟರಿಯಂತೂ ಇಲ್ಲವೇ ಇಲ್ಲ.

"ಇಬ್ಬನಿ ಕೂತ್ರೆ ಕಿಲುಬು ಹಿಡಿಯುತ್ತೆ. ಕಿಲುಬು ಹಿಡಿದ್ರೆ ಗೀಟು ಕಾಣಲ್ಲ. ಗೀಟೇ ಕಾಣದಿದ್ರೆ ನಾನಿದ್ದೇನು ಮಾಡ್ಲಿ?" ಎನ್ನುತ್ತಾರೆ ಅಜ್ಜ, ಕೈ ನಿಲ್ಲಿಸದೆ.

ನೆರಳು ನಡುಗೀಟು ಮುಟ್ಟುತ್ತಲೇ ಅವರು ತಮ್ಮ ಜೇಬುಗಡಿಯಾರವನ್ನು ಹನ್ನೆರಡಕ್ಕೆ ತಿರುಗಿಸಿ ಸೈಕಲ್ ಹತ್ತುತ್ತಾರೆ. ಸರ್ಕಾರದ ಗಡಿಯಾರದಲ್ಲಿ ಆಗ ಹನ್ನೊಂದೂ ಮೂವತ್ತೆಂಟು ಇರಬಹುದು. ಬಿಸಿಲಿರುವ ದಿನ ಅದು ಅವರಿಗೆ ಬೇಕಿಲ್ಲ. ಸುತ್ತಲಿನ ಏಳು ಹಳ್ಳಿಗಳ ಪುಟ್ಟ ನಮಾಜುಮನೆಗಳು ಇವತ್ತಿಗೂ ಸೂರ್ಯನ ವೇಳೆಯನ್ನೇ ನೆಚ್ಚಿಕೊಂಡಿವೆ. ಒಂದೊಂದರ ಗೋಡೆ ಗಡಿಯಾರವನ್ನೂ ಅಜ್ಜ ಸ್ಟೂಲು ಹತ್ತಿ ಸರಿಮಾಡಬೇಕು. ದಿನಕ್ಕೆ ಹತ್ತೊಂಬತ್ತು ಕಿಲೋಮೀಟರು, ಮೂವತ್ತೊಂದು ವರ್ಷ, ಇದು ನಾಲ್ಕನೇ ಸೈಕಲ್. ಮೋಡ ಮುಸುಕಿದ ದಿನಗಳಿಗೆ ಅವರ ಗುರು ಕಿಯಾಯಿ ಮುನಾವಿ ಬರೆದಿಟ್ಟ ಪುಸ್ತಕವಿದೆ. ವರ್ಷದ ಯಾವ ದಿನ ಸೂರ್ಯನ ವೇಳೆಗೂ ಸರ್ಕಾರದ ವೇಳೆಗೂ ಎಷ್ಟು ನಿಮಿಷದ ಅಂತರ ಎಂಬ ಲೆಕ್ಕ ಅದರಲ್ಲಿ ಮುನ್ನೂರ ಅರವತ್ತೈದು ಸಾಲುಗಳಾಗಿದೆ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ರೊಹ್ಮಾದಿ ಈ ಮಸೀದಿಗೆ ಬಂದದ್ದು ಕೈಕಾಲು ತೊಳೆಯುವ ತೊಟ್ಟಿಗೆ ನೀರು ಸೇದಲು. ಕೊಡ ಇಳಿಸಿದಾಗಲೆಲ್ಲ ಕಂಬದ ಹತ್ತಿರ ಹೋಗಿ ನಿಲ್ಲುತ್ತಿದ್ದರಂತೆ. ಅದನ್ನು ಗಮನಿಸಿದ ಗುರುಗಳು ನಾರು ಕೈಗೆ ಕೊಟ್ಟರು. ಮಸೀದಿಯಿಂದ ಸಿಗುವುದು ಸೈಕಲ್ಲಿನ ಟಯರಿಗೆ ಸರಿಹೋಗುತ್ತದೆ. ಮನೆ ನಡೆದಿರುವುದು ಗೇಟಿನ ಬಳಿ ಅನ್ನ, ಸೊಪ್ಪು, ಕಡಲೆಕಾಯಿ ಚಟ್ನಿಯ ಪೆಚೆಲ್ ಮಾರುವ ಹೆಂಡತಿ ಯಾತ್ಮಿಯವರಿಂದ.

"ನಂಗೊಬ್ಬಳು ಸವತಿ ಇದಾಳೆ, ಆಕಾಶದಲ್ಲಿ," ಎಂದು ಯಾತ್ಮಿ ಬಾಳೆ ಎಲೆ ಮಡಿಸುತ್ತಾ ನಗುತ್ತಾರೆ. "ಇವ್ರು ಅವಳ ಮುಖ ನೋಡಿದಷ್ಟು ನನ್ನ ಮುಖ ನೋಡಿಲ್ಲ. ಕಣ್ಣು ಹಾಳಾಗಿದ್ದೂ ಅವಳಿಂದಾನೇ."

ಕಣ್ಣಿನ ಮಾತು ತಮಾಷೆಯಲ್ಲ. ತಾಮ್ರದ ಕಣ್ಣು ಕುಕ್ಕುವ ಹೊಳಪಿಗೆ ಅಜ್ಜನ ಬಲಗಣ್ಣು ಮಂಜಾಗಿದೆ. ಹಾಗಾಗಿ ಕಳೆದ ಡಿಸೆಂಬರಿನಲ್ಲಿ ಕಂಬದ ಮಧ್ಯಾಹ್ನ ಗುರುಗಳ ಪುಸ್ತಕಕ್ಕಿಂತ ನಾಲ್ಕು ನಿಮಿಷ ತಡವಾಗಿ ಬಂದಾಗ ಅವರು ಬೈದುಕೊಂಡದ್ದು ತಮ್ಮನ್ನೇ. ಕನ್ನಡಕ ಬದಲಿಸಿದರು. ಮಾರ್ಚಿನಲ್ಲಿ ಎಲ್ಲ ಸರಿಹೋಯಿತು, ಮನಸ್ಸು ಹಗುರವಾಯಿತು. ಮೇ ಬಂದದ್ದೇ ತಡ, ತಪ್ಪು ಮತ್ತೆ ಹಾಜರ್, ಅದೂ ಈ ಸಲ ತಿರುಗುಮುರುಗು. ಮಧ್ಯಾಹ್ನ ಬೇಗ ಬರತೊಡಗಿತು. ಮೂರು ನಿಮಿಷ, ನಾಲ್ಕು, ಜೂನಿನಲ್ಲಿ ಆರು.

ಆರು ನಿಮಿಷ ತಾನೇ ಎಂದು ನಾವು ನೀವು ಕೈ ಕೊಡವಬಹುದು. ಆದರೆ ಸೂರ್ಯ ನಡುನೆತ್ತಿಯ ಗೆರೆ ದಾಟುವ ಮುಂಚೆ ಮಾಡಿದ ಮಧ್ಯಾಹ್ನದ ನಮಾಜು ನಮಾಜೇ ಅಲ್ಲ. "ಏಳು ಹಳ್ಳಿಯವ್ರು ನನ್ನ ನಂಬ್ಕೊಂಡು ಚಾಪೆ ಹಾಸ್ತಾರೆ. ವೇಳೆಗೆ ಮುಂಚೆ ಅವ್ರನ್ನ ನಿಲ್ಲಿಸಿದ್ರೆ ಆ ಪಾಪ ಯಾರಿಗೆ ಬಂತು?" ಅಜ್ಜ ಊಟ ಬಿಟ್ಟರು. ಏಳು ಕಡೆಗೂ ಹೋಗಿ, ಕಂಬದಲ್ಲಿ ಏನೋ ತಪ್ಪಾಗಿದೆ, ಹತ್ತು ನಿಮಿಷ ತಡೆದು ನಮಾಜಿಗೆ ಕರೆಯುವ ನಗಾರಿ ಬಾರಿಸಿ ಎಂದು ಕೈಮುಗಿದು ಬಂದರು. ಸುದ್ದಿ ಮಸೀದಿ ಸಮಿತಿಯ ಅಧ್ಯಕ್ಷ ಹಾಜಿ ಮುಸ್ಲಿಹಾನರಿಗೆ ಮುಟ್ಟಲು ಅರ್ಧ ದಿನವೂ ಹಿಡಿಯಲಿಲ್ಲ. ತಪ್ಪು ವೇಳೆ ಹೇಳುವ ಕಂಬವೇಕೆ, ವೇಳೆ ತೋರಿಸುವ ವಿದ್ಯುತ್ ಫಲಕ ಹಾಕಿಸೋಣ, ಅಜ್ಜನಿಗೂ ವಿಶ್ರಾಂತಿಯಾಗಲಿ ಎಂದರು ಅವರು. ಅಜ್ಜ ಕೇಳಿಕೊಂಡದ್ದು ಒಂದು ಹಗಲಿನ ಅವಕಾಶ.

ಏಕೆಂದರೆ ಅಷ್ಟರಲ್ಲಿ ಅವರಿಗೆ ಗುಟ್ಟು ಹೊಳೆದಿತ್ತು. ಕಣ್ಣು ಕೆಟ್ಟಿದ್ದರೆ ತಪ್ಪು ವರ್ಷವಿಡೀ ಒಂದೇ ಥರ ಇರಬೇಕು. ಪಕ್ಷ ಬದಲಿಸುವ ತಪ್ಪು ಕಣ್ಣಿನದಲ್ಲ, ಕಂಬದ್ದು. ಹೋದ ಅಕ್ಟೋಬರಿನಲ್ಲಿ ಹಾಜಿಯವರು ಅಂಗಳಕ್ಕೆ ಹೊಸ ಟೈಲ್ಸ್ ಹಾಕಿಸಿದಾಗ ಮೇಸ್ತ್ರಿ ತುಕಿಜಾನ್ ಕಂಬ ಕಿತ್ತು ಮತ್ತೆ ನಿಲ್ಲಿಸಿದ್ದ. ಮರುದಿನವೇ ಪರೀಕ್ಷಿಸಿದರು, ಮಧ್ಯಾಹ್ನ ಕರಾರುವಾಕ್ಕಾಗಿ ಬಂತು, ಎಲ್ಲರೂ ಮೇಸ್ತ್ರಿಯ ಬೆನ್ನು ತಟ್ಟಿದರು. ಆದರೆ ಅಕ್ಟೋಬರಿನ ಆ ದಿನಗಳಲ್ಲಿ, ಮಾರ್ಚಿನಲ್ಲಿದ್ದ ಹಾಗೇ, ಇಲ್ಲಿ ಸೂರ್ಯ ಸರಿಯಾಗಿ ತಲೆಯ ಮೇಲೆಯೇ ಇರುತ್ತಾನೆ. ನೆತ್ತಿಯ ಮೇಲೆ ದೀಪವಿದ್ದರೆ ನಾವು ಯಾವ ಕಡೆ ತಿರುಗಿ ನಿಂತರೂ ನೆರಳು ಕಾಲಡಿಯೇ ತಾನೇ? ತಿರುಚಿ ನಿಂತ ಕಂಬವೂ ಆ ದಿನ ಸತ್ಯವನ್ನೇ ಹೇಳುತ್ತದೆ. ಸೂರ್ಯ ದಕ್ಷಿಣಕ್ಕೆ ಸರಿದಾಗ ತಪ್ಪು ಒಂದು ಕಡೆ, ಉತ್ತರಕ್ಕೆ ಬಂದಾಗ ಇನ್ನೊಂದು ಕಡೆ. ಎಂಟು ತಿಂಗಳು ಬಿಸಿಲಿನಲ್ಲೇ ಅಡಗಿ ಕೂತಿದ್ದ ತಪ್ಪನ್ನು ನಾಲ್ಕನೇ ಕ್ಲಾಸಿನ ಮನುಷ್ಯ ಬರೀ ನೆನಪು ಮತ್ತು ಪುಸ್ತಕದಿಂದ ಹಿಡಿದಿದ್ದಾರೆ.

ಅವರು ಕೇಳಿದ ಹಗಲು ಇವತ್ತೇ. ತುಕಿಜಾನ್ ತೂಗುಗುಂಡು ಹಿಡಿದೇ ಬಂದಿದ್ದಾನೆ, ಮುಖ ಊದಿಸಿಕೊಂಡು.

"ನೋಡ್ರಿ ಅಜ್ಜಾ, ಕೂದಲಷ್ಟೂ ವಾಲಿಲ್ಲ! ಟೈಲ್ಸ್ ಸಾಲು ಹಿಡಿದು ನೇರಕ್ಕೆ ನಿಲ್ಲಿಸಿದೀನಿ."

"ವಾಲಿಲ್ಲ ಕಣಪ್ಪಾ, ನಿನ್ನ ಕೆಲಸಕ್ಕೆ ಹೆಸರಿಡಲ್ಲ. ಸ್ವಲ್ಪ ತಿರುಗಿದೆಯೇನೋ ಅಂತ ನನ್ನ ಅನುಮಾನ. ನಿನ್ನ ಟೈಲ್ಸು ರಸ್ತೆ ಕಡೆ ಕಾಂಪೌಂಡು ನೋಡ್ಕೊಂಡಿದೆ. ಕಂಬ ಉತ್ತರ ನೋಡ್ಬೇಕು."

ಅಜ್ಜ ಟೈಲ್ಸಿನ ಒಂದು ಗೆರೆಯ ಮೇಲೆ ಕೋಲು ನಿಲ್ಲಿಸುತ್ತಾರೆ. ಅದರ ಬುಡಕ್ಕೆ ದಾರ ಕಟ್ಟಿ ಸೀಮೆಸುಣ್ಣದಲ್ಲಿ ದೊಡ್ಡ ವೃತ್ತ ಎಳೆಯುತ್ತಾರೆ. ಬೆಳಿಗ್ಗೆ ಉದ್ದವಿದ್ದ ನೆರಳು ಕುಗ್ಗುತ್ತಾ ಬಂದು ಅದರ ತುದಿ ವೃತ್ತವನ್ನು ಮುಟ್ಟುತ್ತದೆ. ಅಲ್ಲೊಂದು ಚುಕ್ಕಿ. ಆಮೇಲೆ ಕಾಯುವುದಷ್ಟೇ. ಯಾತ್ಮಿ ಪೆಚೆಲ್ ಕಳಿಸುತ್ತಾರೆ, ತುಕಿಜಾನ್ ಮುನಿಸಿನಲ್ಲೂ ಎರಡು ಪೊಟ್ಟಣ ಮುಗಿಸುತ್ತಾನೆ. ಮಧ್ಯಾಹ್ನದ ಮೇಲೆ ನೆರಳು ಮತ್ತೆ ಬೆಳೆದು ಇನ್ನೊಂದು ಬದಿಯಲ್ಲಿ ವೃತ್ತ ದಾಟುತ್ತದೆ. ಇನ್ನೊಂದು ಚುಕ್ಕಿ. ಎರಡರ ನಟ್ಟನಡುವನ್ನು ಗುರುತಿಸಿ, ಕೋಲಿನ ಬುಡದಿಂದ ಅದರ ಮೇಲೆ ಹಾಯುವಂತೆ ಅಜ್ಜ ಮೂರು ಮೀಟರು ದಾರ ಎಳೆಯುತ್ತಾರೆ. ಅಪ್ಪಟ ಉತ್ತರ–ದಕ್ಷಿಣ. ಒಂದು ಕೋಲು, ಒಂದು ದಾರ, ಒಂದು ಹಗಲು! ಅಂಗಳದಲ್ಲಿ ಸೇರಿದ ಮೂವತ್ತು ನಲವತ್ತು ಜನ ದಾರದ ಸುತ್ತ ಬಗ್ಗಿ ನೋಡುತ್ತಾರೆ.

ದಾರವೂ ಟೈಲ್ಸಿನ ಗೆರೆಯೂ ಕೋಲಿನ ಬುಡದಲ್ಲಿ ಒಟ್ಟಿಗೇ ಹೊರಟಿವೆ. ಕೊನೆ ತಲುಪುವಷ್ಟರಲ್ಲಿ ಅವುಗಳ ನಡುವೆ ಒಂದು ಗೇಣಿಗೆ ಸ್ವಲ್ಪ ಕಡಿಮೆ ಅಂತರ.

ತುಕಿಜಾನ್ ಮಂಡಿಯೂರಿ ಆ ಜಾಗದಲ್ಲಿ ಅಂಗೈ ಇಟ್ಟು ನೋಡುತ್ತಾನೆ. ಎದ್ದವನೇ ಚೀಲದಿಂದ ಉಳಿ ಸುತ್ತಿಗೆ ತೆಗೆದು, ತಾನೇ ಹಾಕಿದ ಸಿಮೆಂಟು ಒಡೆಯಲು ಕಂಬದ ಕಡೆ ನಡೆಯುತ್ತಾನೆ. "ಅಜ್ಜಾ, ನೀವು ದಾರ ಹಿಡ್ಕೊಳ್ಳಿ. ಈ ಸಲ ನೀವು ಹೂಂ ಅನ್ನೋವರೆಗೂ ಕಲಸಿದ ಸಿಮೆಂಟು ಸುರಿಯಲ್ಲ."

ಸಂಜೆಯ ಹೊತ್ತಿಗೆ ಕಂಬ ದಾರದ ದಿಕ್ಕಿಗೇ ಸರಿಯಾಗಿ ನಿಂತಿದೆ. ವಿದ್ಯುತ್ ಫಲಕದ ಮಾತು ಯಾರೂ ಎತ್ತುತ್ತಿಲ್ಲ. ಈ ಟೈಲ್ಸಿನ ಮೇಲೆ ಬಕೆಟ್ಟು ಎಳೆದರೂ ಸಿಡುಕುತ್ತಿದ್ದ ಹಾಜಿ ಮುಸ್ಲಿಹಾನ್ ತುಸು ಕೆಮ್ಮಿ ಹತ್ತಿರ ಬರುತ್ತಾರೆ. "ಅಜ್ಜಾ, ನಂದೇ ಅವಸರ ಆಯ್ತು. ಏನಾದ್ರೂ ಬೇಕಿದ್ರೆ ಕೇಳಿ."

"ಸೀಮೆಸುಣ್ಣ ನಾಳೆ ಗುಡಿಸಿದ್ರೆ ಹೋಗುತ್ತೆ, ಹಾಜಿ. ಈ ದಾರ ಇರೋ ಕಡೆ ಟೈಲ್ಸ್ ಕೊರೆದು ಒಂದು ಹಿತ್ತಾಳೆ ಪಟ್ಟಿ ಕೂರಿಸಿಕೊಡಿ."

ಹಾಜಿ ಹೊಳೆಯುವ ಟೈಲ್ಸನ್ನು ಒಂದು ಗಳಿಗೆ ನೋಡುತ್ತಾರೆ. "ಕೊರೀರಿ. ಪಕ್ಕದಲ್ಲಿ ನಿಮ್ಮ ಹೆಸರೂ ಕೆತ್ತಿಸೋಣ, ದೊಡ್ಡ ಅಕ್ಷರದಲ್ಲಿ."

ಅಜ್ಜ ಗಾಬರಿಯಿಂದ ಕೈ ಅಲ್ಲಾಡಿಸುತ್ತಾರೆ. "ಅಯ್ಯೋ, ಹೆಸರು ಕಟ್ಕೊಂಡು ಏನು ಮಾಡೋದು? 'ಇದನ್ನ ಅಲ್ಲಾಡಿಸಬೇಡಿ' ಅಂತ ಬರೆಸಿ. ಅಷ್ಟೇ ಸಾಕು."