ಚಿಪ್ಪಿನ ಕೆಲಸದ ಭಾವ

ಭಾವನ ಕಣ್ಣ ರೆಪ್ಪೆಗಳ ಮೇಲೆ ಸದಾ ಒಂದು ಬಿಳಿ ಹುಡಿ ಕೂತಿರುತ್ತಿತ್ತು. ಅಕ್ಕಿಹಿಟ್ಟಿನ ಬಿಳಿಯಲ್ಲ, ಬಿಸಿಲಿಗೆ ಬಂದರೆ ಸಣ್ಣಗೆ ಮಿನುಗುವ, ಒಮ್ಮೆ ಗುಲಾಬಿ ಒಮ್ಮೆ ಹಸುರು ಕಾಣುವ ಬಿಳಿ. ಊಟಕ್ಕೆ ಕರೆದಾಗ ಬಾವಿಕಟ್ಟೆಯಲ್ಲಿ ಮುಖ ತೊಳೆದೇ ಬರುತ್ತಿದ್ದರು. ಆದರೂ ಹುಬ್ಬಿನ ಸಂದಿಯಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತಿತ್ತು. "ಮದುಮಗನ ಹಾಗೆ ಕಾಣ್ತೀರಿ" ಎಂದು ಅಕ್ಕ ತಮಾಷೆ ಮಾಡುತ್ತಿದ್ದಳು. ಅದು ಮುತ್ತಿನ ಚಿಪ್ಪಿನ ಹುಡಿ.

ಅವರು ನನ್ನ ಅಕ್ಕನ ಗಂಡ. ಮೂಡುಬಿದಿರೆಯ ಅಕ್ಕಸಾಲಿಗರ ಮನೆಯಲ್ಲಿ ಹುಟ್ಟಿ, ಬಂಗಾರದ ಕೆಲಸಕ್ಕೆಂದೇ ಬಹ್ರೇನಿಗೆ ಹೋದವರು. ಅಲ್ಲಿ ದುಬಾರಿ ಕೈಗಡಿಯಾರಗಳ ಡಯಲಿನ ಮೇಲೆ ಚಿಪ್ಪಿನ ಚಿತ್ರ ಕೂರಿಸುತ್ತಿದ್ದ ಒಬ್ಬ ಮುದುಕ ಇವರ ಕೈ ನೋಡಿ ಮೆಚ್ಚಿ ಪಕ್ಕದಲ್ಲಿ ಕೂರಿಸಿಕೊಂಡನಂತೆ. ಆಮೇಲೆ ಭಾವ ಬಂಗಾರ ಮುಟ್ಟಲಿಲ್ಲ. ಊರಿಗೆ ಮರಳಿ ತೋಡಾರಿನಲ್ಲಿ ಮನೆ ಕಟ್ಟಿದಾಗ ರಸ್ತೆ ಬದಿಯ ಕೋಣೆಯನ್ನು ಈ ಕೆಲಸಕ್ಕೇ ಇಟ್ಟುಕೊಂಡರು. ಬಹ್ರೇನಿನ ಏಜೆಂಟರೊಬ್ಬರು ಬರಿ ಡಯಲುಗಳನ್ನು ಕಳಿಸುತ್ತಿದ್ದರು. ಮುಗಿದ ಮೇಲೆ ಅವು ಅವರಿಗೇ ಹಿಂದೆ ಹೋಗುತ್ತಿದ್ದವು. ಯಾವ ದೇಶದ ಯಾರ ಮಣಿಕಟ್ಟು ಸೇರುತ್ತಿದ್ದವೋ ನಮಗೆ ಗೊತ್ತಾಗುತ್ತಿರಲಿಲ್ಲ.

ನನ್ನ ಗಂಡ ಲಾರಿ ಅಪಘಾತದಲ್ಲಿ ಹೋದ ಮೇಲೆ ನಾನು ವಾಮದಪದವಿನಲ್ಲಿ ಬೀಡಿ ಕಟ್ಟಿಕೊಂಡು ಮಗಳನ್ನು ಸಾಕುತ್ತಿದ್ದೆ. ಒಂದು ದಿನ ಭಾವ ಬಂದವರು ಜಗಲಿಯಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು.

"ಈ ಬೆರಳನ್ನು ಹೊಗೆಸೊಪ್ಪಿಗೆ ಹಾಕಿ ಹಾಳು ಮಾಡ್ತಿದ್ದೀಯಲ್ಲ ಮಾರಾಯ್ತಿ. ತೋಡಾರಿಗೆ ಬಾ. ನಾನು ಕಲಿಸ್ತೇನೆ" ಎಂದರು.

ಹೋದೆ. ಅವರ ಮನೆಯಿಂದ ನಾಲ್ಕು ಹೆಜ್ಜೆ ಆಚೆಗೆ ಒಂದು ಬಾಡಿಗೆ ಕೋಣೆಯನ್ನೂ ಅವರೇ ನೋಡಿಟ್ಟಿದ್ದರು.

ಚಿಪ್ಪನ್ನು ಕಲ್ಲಿನ ಮೇಲೆ ನೀರು ಹಾಕಿ ಉಜ್ಜಿ ಉಜ್ಜಿ ಒಣ ನೀರುಳ್ಳಿ ಸಿಪ್ಪೆಯಷ್ಟು ತೆಳು ಮಾಡಬೇಕು. ಅದರ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಕೂದಲೆಳೆಯಂಥ ಗರಗಸದಿಂದ ಎಲೆ, ರೆಕ್ಕೆ, ಕೊಕ್ಕು ಎಂದು ಕತ್ತರಿಸಿ, ಒಂದೊಂದನ್ನೇ ಡಯಲಿಗೆ ಅಂಟಿಸಬೇಕು. ಬಣ್ಣ ಹಚ್ಚುವ ಮಾತೇ ಇಲ್ಲ. ಚೂರನ್ನು ಸ್ವಲ್ಪ ತಿರುಗಿಸಿದರೆ ಹೊಳಪು ಬದಲಾಗುತ್ತದೆ. ಹಾಗೆ ತಿರುಗಿಸಿಯೇ ನೆರಳು, ಬೆಳಕು ತರುವುದು. ನನ್ನ ಮೊದಲ ಚೂರುಗಳೆಲ್ಲ ಬಿರಿದವು. ಸಿಟ್ಟಿನಿಂದ ಗರಗಸ ಕೆಳಗಿಟ್ಟರೆ ಭಾವ ಹೇಳುತ್ತಿದ್ದರು: "ಚಿಪ್ಪಿಗೆ ಹಠ ಉಂಟು. ಇಬ್ಬರಿಗೂ ಇದ್ದರೆ ಆಗ್ಲಿಕ್ಕಿಲ್ಲ."

ನೀರು ಹಾಕಿದರೆ ಗೆರೆ ಅಳಿಸಿಹೋಗುತ್ತದೆಂದು ಕತ್ತರಿಸುವುದು ಒಣಗಿದ ಚಿಪ್ಪನ್ನೇ. ಆಗ ಏಳುವ ಹುಡಿ ನೇರ ಮೂಗಿಗೆ ಬರುತ್ತದೆ. ಭಾವ ಬಿ.ಸಿ.ರೋಡಿನಿಂದ ನನಗೆ ದಪ್ಪದ ಮಾಸ್ಕು ತಂದುಕೊಟ್ಟರು. ಹಾಕಿಕೊಂಡರೆ ಉಸಿರು ಮೇಲೆ ಬಂದು ಕಣ್ಣಿಗೆ ಕಟ್ಟಿದ ಭೂತಗನ್ನಡಿ ಮಂಜಾಗುತ್ತಿತ್ತು. ಒರೆಸಿ, ಕತ್ತರಿಸಿ, ಮತ್ತೆ ಒರೆಸಿ ನನಗೆ ಬೇಸರವಾಯಿತು.

"ನೀವು ಹಾಕುವುದಿಲ್ಲವಲ್ಲ, ನನಗೆ ಮಾತ್ರ ಎಂಥದಕ್ಕೆ?"

"ನನ್ನ ಮೂಗು ಬಹ್ರೇನಿನಲ್ಲೇ ಹಾಳಾಗಿದೆ. ನಿನ್ನ ಕೆಲಸ ನಿಧಾನ ಆಗಲಿ, ತೊಂದರೆ ಇಲ್ಲ. ನಿನಗೆ ಮಗಳು ಉಂಟು."

"ನಿಮಗೆ ಅಕ್ಕ ಇಲ್ವಾ?"

ಅವರು ಮತ್ತೆ ಚಿಪ್ಪಿನ ಮೇಲೆ ಬಗ್ಗಿದರು. ಗರಗಸದ ಸದ್ದು ಮುಂದುವರಿಯಿತು.

ಭಾವನಿಗೆ ಕೆಮ್ಮು ಶುರುವಾದದ್ದು ಯಾವಾಗೆಂದು ಹೇಳಲಾರೆ. ಮೊದಮೊದಲು ಗಂಟಲು ಸರಿಮಾಡಿಕೊಂಡ ಹಾಗೆ ಇತ್ತು. ಬರಬರುತ್ತಾ ಬಾವಿಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲತೊಡಗಿದರು. ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು, ಶ್ವಾಸಕೋಶ ಗಟ್ಟಿಯಾಗಿದೆ, ಆದದ್ದು ಮೊದಲಿನಂತಾಗುವುದಿಲ್ಲ ಎಂದರು. ಬಸ್ಸಿನಲ್ಲಿ ಬರುವಾಗ ಅಕ್ಕ ಕಿಟಕಿಯ ಕಡೆ ತಿರುಗಿಯೇ ಕೂತಿದ್ದಳು. ಮನೆಗೆ ಬಂದವಳು ಚಪ್ಪಲಿಯನ್ನೂ ಕಳಚದೆ ಕೆಲಸದ ಕೋಣೆಗೆ ನುಗ್ಗಿ ಚಿಪ್ಪಿನ ಚೀಲವನ್ನು ಎತ್ತಿ ಅಂಗಳಕ್ಕೆ ಎಸೆದಳು. ಭಾವ ಏದುಸಿರು ಬಿಡುತ್ತಾ ಒಂದೊಂದನ್ನೇ ಹೆಕ್ಕಿದರು. ನಾನು ಯಾರ ಕಡೆ ನಿಲ್ಲಲಿ?

ಆಗ ಅವರ ಕೈಯಲ್ಲಿದ್ದದ್ದು ಕೊಕ್ಕರೆಯ ಡಯಲು. ಬಿಳಿ ಹಕ್ಕಿ, ಹಿಂದಿನ ಆಕಾಶವೂ ಬಿಳಿ. ಚೂರು ತಿರುಗಿಸುವ ಜಾಣತನದಿಂದಲೇ ಹಕ್ಕಿ ಕಾಣಬೇಕು. ಅವರು ಮಾಡಿದ ಕೆಲಸಗಳಲ್ಲೇ ಕಷ್ಟದ್ದು. ಅಕ್ಕನ ಕಣ್ಣು ತಪ್ಪಿಸಿ ಕೂತು ಕೊನೆಯ ರೆಕ್ಕೆ ಕತ್ತರಿಸುತ್ತಿದ್ದಾಗ ಕೆಮ್ಮು ಬಂತು. ತಡೆಯಲು ನೋಡಿದರು, ಕುತ್ತಿಗೆಯ ನರಗಳು ಉಬ್ಬಿದವು. ರೆಕ್ಕೆ ಎರಡು ತುಂಡಾಯಿತು. ಅವರು ಭೂತಗನ್ನಡಿ ಬಿಚ್ಚಿ ನನ್ನ ಮುಂದಿಟ್ಟರು.

"ಇನ್ನು ನನ್ನಿಂದಾಗ್ಲಿಕ್ಕಿಲ್ಲ. ನೀನು ಮಾಡು."

ಹಿಂದಿನ ಚೂರುಗಳನ್ನೂ ಕಿತ್ತು ಇಡೀ ಕೊಕ್ಕರೆಯನ್ನು ಹೊಸದಾಗಿಯೇ ಮಾಡಿದೆ. ಭಾವ ಕಿಟಕಿಯ ಬೆಳಕಿಗೆ ಹಿಡಿದು ಅತ್ತ ಇತ್ತ ವಾಲಿಸಿ ನೋಡಿದರು. ಹೊಗಳಲಿಲ್ಲ. ಏಜೆಂಟರಿಗೆ ಫೋನ್ ಮಾಡಿ, "ಕೊಕ್ಕರೆ ಆಗಿದೆ. ಆದರೆ ನನ್ನ ಕೈಯದ್ದಲ್ಲ, ನನ್ನ ನಾದಿನಿ ಮಾಡಿದ್ದು. ಗಡಿಯಾರದ ಕಂಪನಿಯವರಿಗೂ ಹಾಗೇ ಹೇಳಿ ಕೊಡಿ" ಎಂದರು.

ಡಯಲು ಹೋಯಿತು. ಕಂಪನಿಗೆ ಬೇಕಾದ್ದು ಭಾವನ ಕೈಕೆಲಸ, ಬೇರೆಯವರದ್ದು ಬೇಡ ಎಂದು ಉತ್ತರ ಬಂತು. ಆಮೇಲೆ ಹೊಸ ಡಯಲು ಬರಲೇ ಇಲ್ಲ.

ಅಕ್ಕ ಅಂದು ಅವರನ್ನು ಬೈದಳು. "ಸುಮ್ಮನಿದ್ದಿದ್ದರೆ ಏನಾಗ್ತಿತ್ತು? ಯಾರಿಗೆ ಗೊತ್ತಾಗ್ತಿತ್ತು?"

ಭಾವನಿಗೆ ಆಗ ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ಬೇಕಾಗುತ್ತಿತ್ತು. "ಸುಮ್ಮನಿದ್ರೆ... ಇವಳು ಮಾಡಿದ್ದೆಲ್ಲ ನನ್ನದಾಗ್ತದೆ. ನಾನು ಹೋದ ಮೇಲೆ... ಇವಳ ಹತ್ತಿರ ಎಂಥ ಉಂಟು?"

ಆಮ್ಲಜನಕದ ಯಂತ್ರ ಮನೆಗೆ ಬಂತು. ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಅವರು ಇಡೀ ಮಳೆಗಾಲ ಮಂಚದಲ್ಲೇ ಕಳೆದರು. ಬೆರಳುಗಳು ಮಾತ್ರ ಹೊದಿಕೆಯ ಅಂಚನ್ನು ಹಿಡಿದು ಏನನ್ನೋ ತಿರುಗಿಸುತ್ತಿದ್ದವು. ಒಂದು ಮಧ್ಯಾಹ್ನ ಅಕ್ಕ ಗಂಜಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಆ ಬೆರಳುಗಳು ನಿಂತಿದ್ದವು. ಯಂತ್ರ ಇನ್ನೂ ಗುಂಯ್‌ಗುಡುತ್ತಿತ್ತು. ಅದನ್ನು ಬಂದ್ ಮಾಡಲು ಅಕ್ಕ ಬಿಡಲಿಲ್ಲ. ಮೂಡುಬಿದಿರೆಯಿಂದ ಭಾವನ ಅಣ್ಣ ಬಂದೇ ಬಂದ್ ಮಾಡಬೇಕಾಯಿತು.

ಕೆಲಸದ ಕೋಣೆಗೆ ಬೀಗ ಬಿತ್ತು. ನಾನು ನನ್ನ ಬಾಡಿಗೆ ಕೋಣೆಯಲ್ಲಿ ಮತ್ತೆ ಬೀಡಿ ಎಲೆಯ ಮುಂದೆ ಕೂತೆ.

ಭಾವನ ವರ್ಷಾಂತಿಕ ಕಳೆದ ಮೇಲೆ ಆ ಏಜೆಂಟರ ಫೋನ್ ಬಂತು. ಅವರಲ್ಲೇ ಉಳಿದಿದ್ದ ಕೊಕ್ಕರೆಯನ್ನು ನೋಡಿದ ಬೇರೊಬ್ಬರು ಅಂಥದ್ದೇ ಡಯಲು ಕೇಳುತ್ತಿದ್ದಾರಂತೆ. "ಅದು ಮಾಡಿದ ನಾದಿನಿ ನೀವೇ ಅಲ್ವಾ? ಈಗಲೂ ಮಾಡ್ತೀರಾ?"

"ಮಾಡ್ತೇನೆ" ಎಂದುಬಿಟ್ಟೆ. ಆಮೇಲೆ ಅಕ್ಕನ ನೆನಪಾಯಿತು.

ಅವಳು ನಾನು ಹೇಳಿದ್ದನ್ನೆಲ್ಲ ಕೇಳಿ ಒಳಗೆ ಹೋದಳು. ಬೀಗದ ಕೈ ತಂದು ಕೊಟ್ಟಳು.

"ಮಾಡು. ಆದರೆ ನನ್ನ ಮನೆಯಲ್ಲಿ ಬೇಡ."

ಭಾವ ಕೂತು ಕೆಲಸ ಮಾಡುತ್ತಿದ್ದ ಹಲಸಿನ ಮರದ ಮೇಜನ್ನು ನಾನೊಬ್ಬಳೇ ಅಂಗಳದವರೆಗೆ ಎಳೆದೆ. ಮುಂದೆ ಎಳೆಯಲಾಗದೆ ನಿಂತಿದ್ದೆ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ನನ್ನ ಮುಖ ನೋಡದೆ, ಇನ್ನೊಂದು ತುದಿ ಹಿಡಿದಳು. ನನ್ನ ಕೋಣೆಯವರೆಗೆ ಹೊತ್ತೆವು. ಹೊಸ್ತಿಲಲ್ಲಿ ಮೇಜು ಇಳಿಸಿ ಬೆವರು ಒರೆಸಿಕೊಳ್ಳುತ್ತಾ, ಅವರು ಹೋದ ಮೇಲೆ ಮೊದಲ ಸಲ ಅವರ ಮಾತೆತ್ತಿದಳು.

"ಇಷ್ಟು ಭಾರದ್ದು ಮಾಡಿಸ್ಲಿಕ್ಕೆ ಯಾರು ಹೇಳಿದ್ದು ಇವರಿಗೆ!"